ವರವೆಂದು ಕೊಟ್ಟ ಸಾವು

ಕೇಳುಗರಿಗೆ ನಮಸ್ಕಾರ.

1968ರಲ್ಲಿ ಬಿಬಿಸಿಯವರು ಆಕ್ಸ್‌ಫರ್ಡಿನ ಒಬ್ಬ ನಿವೃತ್ತ ಪ್ರಾಧ್ಯಾಪಕರ ಮೇಲೆ ಸಾಕ್ಷ್ಯಚಿತ್ರ ತೆಗೆದರು. ಜೆ. ಆರ್. ಆರ್. ಟೋಲ್ಕಿನ್, ‘ದಿ ಲಾರ್ಡ್ ಆಫ್ ದ ರಿಂಗ್ಸ್’ ಎಂಬ ಉಂಗುರದ ಕಥೆ ಬರೆದು ಹೆಸರಾದವರು. ನಿಮ್ಮ ಕಥೆಯ ಒಳಗಿರುವುದೇನು ಎಂಬ ಮಾತು ಬಂದಾಗ, ಮನುಷ್ಯರ ಕಥೆಗಳೆಲ್ಲ ಕೊನೆಗೆ ಸಾವಿನ ಸುತ್ತಲೇ ತಿರುಗುತ್ತವೆ ಅಂದರು. ಪತ್ರಿಕೆಯಿಂದ ಕತ್ತರಿಸಿಟ್ಟುಕೊಂಡಿದ್ದ ಚೂರೊಂದನ್ನು ತೆಗೆದು ಫ್ರೆಂಚ್ ಲೇಖಕಿ ಸಿಮೋನ್ ದ ಬೊವಾರ ಅವರ ಮಾತು ಓದಿದರು. ಸಹಜ ಸಾವು ಅಂತ ಒಂದಿಲ್ಲವೇ ಇಲ್ಲ ಅನ್ನುವ ಮಾತು ಅದು. ನಾಲ್ಕನೇ ವಯಸ್ಸಿಗೆ ತಂದೆಯನ್ನು, ಹನ್ನೆರಡಕ್ಕೆ ತಾಯಿಯನ್ನು, 1916ರಲ್ಲಿ ಯುದ್ಧದಲ್ಲಿ ಇಬ್ಬರು ಆಪ್ತ ಗೆಳೆಯರನ್ನು ಕಳೆದುಕೊಂಡವರು ಟೋಲ್ಕಿನ್.

ಅವರು ಕಟ್ಟಿದ ಪುರಾಣದಲ್ಲಿ ಲೋಕ ಹುಟ್ಟುವುದು ಹಾಡಿನಿಂದ. ಇಲೂವಟಾರ್ ಎಂಬ ಪರಮಾತ್ಮ ರಾಗದ ಎಳೆ ಹಿಡಿದುಕೊಡುತ್ತಾನೆ, ದೇವತೆಗಳ ಮೇಳ ಅದನ್ನು ಬೆಳೆಸುತ್ತದೆ. ಆ ಮೇಳದವನೇ ಆದ ಮೆಲ್ಕೋರ್ ಎಂಬವನು ನಡುವೆ ಅಪಸ್ವರ ಎಬ್ಬಿಸುತ್ತಾನೆ. ಅದೂ ಕಡೆಗೆ ದೊಡ್ಡ ಹಾಡಿನೊಳಗೇ ಸೇರಿಹೋಗುತ್ತದೆ. ಮುಂದೆ ಲೋಕದಲ್ಲಿ ನಡೆಯುವುದೆಲ್ಲ ಆ ಹಾಡಿನ ಜಾಡಿನಲ್ಲೇ. ಹಣೆಬರಹ ಅನ್ನುತ್ತೇವಲ್ಲ, ಇದು ಅವರ ಹಣೆ-ಹಾಡು ಅನ್ನಿ.

ಆ ಲೋಕದಲ್ಲಿ ಎಲ್ಫ್‌ಗಳೆಂಬ ಜನ. ರೋಗವಿಲ್ಲ, ಮುಪ್ಪಿನ ಸಾವಿಲ್ಲ. ಯಾರಾದರೂ ಕೊಂದರೆ, ಇಲ್ಲವೇ ದುಃಖದಲ್ಲಿ ಸೊರಗಿದರೆ ಜೀವ ಹೋದೀತು. ಹೋದರೂ ಲೋಕದ ಗಡಿ ದಾಟುವಂತಿಲ್ಲ. ಲೋಕ ಇರುವ ತನಕ ಅವರೂ ಇರಲೇಬೇಕು. ಮನುಷ್ಯನ ಪಾಡು ಬೇರೆ. ಹಾಡಿನ ಆಚೆಗೂ ತನ್ನ ಬಾಳನ್ನು ತಾನೇ ತಿದ್ದಿಕೊಳ್ಳುವ ಸ್ವಾತಂತ್ರ್ಯ ಅವನಿಗೆ ಸಿಕ್ಕಿತು, ಅದರ ಜೊತೆಗೇ ಸಾವೂ ಸಿಕ್ಕಿತು. ಎರಡೂ ಸೇರಿ ಒಂದೇ ವರ. ಲೋಕದ ಹಾಡಿಗೆ ಕಟ್ಟುಬೀಳದವನು ಲೋಕದಲ್ಲಿ ಕಾಯಂ ಆಗಿ ಉಳಿಯುವುದು ಹೇಗೆ? ಎಲ್ಫ್‌ಗಳು ಮನುಷ್ಯರನ್ನು ಅತಿಥಿಗಳು ಅಂತಲೇ ಕರೆಯುತ್ತಾರೆ. ಬಂದವರು, ಉಂಡವರು, ಹೊರಡುವವರು. ಎಲ್ಲಿಗೆ ಹೊರಟರು ಅನ್ನುವುದು ಎಲ್ಫ್‌ಗಳಿಗೂ ಗೊತ್ತಿಲ್ಲ.

ಕೇಳಲು ಚೆಂದವಾಗಿದೆ. ಆದರೆ ಈ ವರವನ್ನು ಕೈಯೊಡ್ಡಿ ತೆಗೆದುಕೊಳ್ಳುವವರು ಯಾರು?

ಅದಕ್ಕೆ ನೂಮೆನೋರಿನ ಕಥೆ ನೋಡಬೇಕು. ದೇವತೆಗಳ ಪರ ನಿಂತು ಕಾದಿದ ಮನುಷ್ಯರಿಗೆ ನಡುಗಡಲಲ್ಲಿ ದ್ವೀಪ ಸಿಕ್ಕಿತು, ದೀರ್ಘಾಯುಷ್ಯ ಸಿಕ್ಕಿತು. ಕಣ್ಣು ಚುರುಕಿದ್ದವರಿಗೆ ಪಡುವಣದ ಅಂಚಿನಲ್ಲಿ, ಸಾಯದವರ ನಾಡಿನಲ್ಲಿ, ಬೆಳ್ಳಗೆ ಹೊಳೆಯುವ ಊರೊಂದು ಕಾಣುತ್ತಿತ್ತು. ಕಟ್ಟಳೆ ಒಂದೇ: ತಮ್ಮ ದಡ ಕಣ್ಮರೆಯಾಗುವಷ್ಟು ದೂರ ಆ ದಿಕ್ಕಿಗೆ ಹಡಗು ಬಿಡಬಾರದು. ಮೊದಲಿನ ರಾಜರು ದಣಿವಾಯಿತು ಅನ್ನಿಸಿದಾಗ ಕಿರೀಟವನ್ನು ಮಕ್ಕಳಿಗೆ ಕೊಟ್ಟು, ಮಲಗಿ, ತಾವಾಗಿಯೇ ಕಣ್ಣು ಮುಚ್ಚುತ್ತಿದ್ದರು. ನಮಗೆ ಇಚ್ಛಾಮರಣಿ ಭೀಷ್ಮ ನೆನಪಾಗುತ್ತಾನೆ, ಶರಮಂಚ ಒಂದು ಇಲ್ಲ.

ಆಮೇಲೆ ತಾರ್-ಅತನಮಿರ್ ಎಂಬ ರಾಜ ಬಂದ. ದೇವತೆಗಳ ದೂತರು ಬಂದು, ಸಾವು ಶಿಕ್ಷೆಯಲ್ಲಪ್ಪಾ ಎಂದು ತಿಳಿಹೇಳಿದರು. ಆ ಜನ ತಿರುಗಿ ಕೇಳಿದ ಪ್ರಶ್ನೆಗೆ ನನಗಂತೂ ಉತ್ತರ ತೋಚಿಲ್ಲ. ಸಾಯದವರು ಏನನ್ನೂ ನಂಬಬೇಕಾಗಿಲ್ಲ, ಸಾಯುವ ನಾವು ಮಾತ್ರ ಕಣ್ಣುಮುಚ್ಚಿ ನಂಬಬೇಕೇ? ಅತನಮಿರ್ ಬುದ್ಧಿ ಕೆಡುವವರೆಗೂ, ಮೈ ನಿಲ್ಲದಾಗುವವರೆಗೂ ಸಿಂಹಾಸನ ಬಿಡಲಿಲ್ಲ. ಮುಂದೆ ಸತ್ತವರಿಗೆ ದೊಡ್ಡ ದೊಡ್ಡ ಮನೆಗಳೆದ್ದವು. ಜೀವ ಮರಳಿ ಬರಿಸುವ ಉಪಾಯಕ್ಕೆ ಪಂಡಿತರು ತಲೆ ಕೆಡಿಸಿಕೊಂಡರು. ಕೈಗೆ ಹತ್ತಿದ್ದು ಹೆಣ ಕೊಳೆಯದಂತೆ ಇಡುವ ವಿದ್ಯೆ ಅಷ್ಟೇ. ಕೊನೆಯ ರಾಜ ಅಮರತ್ವವನ್ನು ಗೆದ್ದು ತರುತ್ತೇನೆಂದು ಪಡುವಣಕ್ಕೆ ದಂಡೆತ್ತಿ ಹೋದ. ದ್ವೀಪ ಇಡಿಯಾಗಿ ಮುಳುಗಿತು.

ಇನ್ನೊಂದು ಸಂವಾದವಿದೆ, ಅಚ್ಚಾದದ್ದು ಲೇಖಕರು ತೀರಿಕೊಂಡು ಇಪ್ಪತ್ತು ವರ್ಷದ ಮೇಲೆ, 1993ರಲ್ಲಿ. ಫಿನ್ರೋಡ್ ಎಂಬ ಎಲ್ಫ್ ರಾಜ, ಆಂಡ್ರೆತ್ ಎಂಬ ಕೂದಲು ನರೆತ ಹೆಂಗಸು. ಸಾವು ನಮ್ಮ ಪಾಲಿಗೆ ಮೊದಲಿನಿಂದ ಇದ್ದದ್ದಲ್ಲ, ಶತ್ರು ಮೆಲ್ಕೋರ್ ಹೇರಿದ್ದು, ಇದು ನಮ್ಮ ಹಿರಿಯರ ಮಾತು ಅನ್ನುತ್ತಾಳೆ ಅವಳು. ಅವನು ಒಳ್ಳೆಯವನೇ, ಸಮಾಧಾನ ಹೇಳುತ್ತಾನೆ. ಅವಳು ಹರೆಯದಲ್ಲಿ ಪ್ರೀತಿಸಿದ್ದು ಇದೇ ರಾಜನ ತಮ್ಮನನ್ನು. ತಮ್ಮ ಅವಳನ್ನು ವರಿಸದೆ ಹೊರಟುಹೋದ. ಅವನಿಗೆ ಇವತ್ತಿಗೂ ಅದೇ ವಯಸ್ಸು. ಓದುವಾಗ ನಾನು ಪ್ರತಿಸಲವೂ ಆಂಡ್ರೆತ್ ಪಕ್ಷ. ಈ ಪುರಾಣದಲ್ಲಿ ಸಾವನ್ನು ವರ ಅಂದವರಲ್ಲಿ ಹೆಚ್ಚಿನವರು ಸಾಯದವರೇ ಅಲ್ಲವೇ?

ವಿಧಿಯ ಮಾತೂ ಹೀಗೇ ತೊಡಕಿನದು. ತೂರಿನ್ ಎಂಬವನು ವಿಧಿಯ ಒಡೆಯ ಎಂದು ತನಗೆ ತಾನೇ ಹೆಸರಿಟ್ಟುಕೊಂಡ. ಆ ಹೆಸರು ಹೊತ್ತೇ, ಗುರುತು ಸಿಗದೆ ಒಡಹುಟ್ಟಿದ ತಂಗಿಯನ್ನು ಮದುವೆಯಾಗಿ, ತನ್ನ ಕತ್ತಿಗೆ ತಾನೇ ಬಿದ್ದ. ಇನ್ನು ಉಂಗುರದ ಕಥೆಯ ನಾಯಕ ಫ್ರೋಡೋ. ಕೇಡಿನ ಉಂಗುರವನ್ನು ಸುಟ್ಟುಹಾಕಲೆಂದು ಬೆಂಕಿಯ ಬಾಯಿಯವರೆಗೆ ಹೊತ್ತು ಹೋದವನು, ಅಲ್ಲಿ ನಿಂತು ಎಸೆಯುವುದಿಲ್ಲ ಅಂದುಬಿಟ್ಟ. ಆ ಉಂಗುರಕ್ಕೆ ಹಿಂದೆ ಒಡೆಯನಾಗಿದ್ದ ಗೊಲಮ್ ಬಂದು ಅವನ ಬೆರಳನ್ನೇ ಕಚ್ಚಿ, ಉಂಗುರ ಹಿಡಿದು ಕುಣಿದು, ಕಾಲು ಜಾರಿ ಬೆಂಕಿಗೆ ಬಿದ್ದ. ವಿಧಿಯೇ ಇರಬಹುದು. ಆದರೆ ಎಷ್ಟೋ ವರ್ಷ ಹಿಂದೆ ಕತ್ತಲ ಗುಹೆಯಲ್ಲಿ ಫ್ರೋಡೋನ ಹಿರಿಯ ನೆಂಟ ಬಿಲ್ಬೋ ಕತ್ತಿ ಎತ್ತಿ, ಪಾಪ ಅನ್ನಿಸಿ, ಇದೇ ಗೊಲಮ್‌ನನ್ನು ಬಿಟ್ಟಿರದಿದ್ದರೆ ಆ ವಿಧಿಗೆ ಕಾಲಿಡಲು ಜಾಗವೇ ಇರುತ್ತಿರಲಿಲ್ಲ.

ಕೊನೆಗೆ ಆರ್ವೆನ್. ಎಲ್ಫ್‌ಗಳ ಹಿರಿಯ ಎಲ್ರೊಂಡನ ಮಗಳು, ಅಪ್ಪನ ಜೊತೆ ಪಡುವಣದ ಸಾಯದವರ ನಾಡಿಗೆ ಹಡಗು ಹತ್ತಬಹುದಾಗಿತ್ತು. ನೂಮೆನೋರಿನ ರಾಜವಂಶದ ಮನುಷ್ಯ ಅರಗಾರ್ನ್‌ನನ್ನು ಒಪ್ಪಿದಳು, ಅವನ ಸಾವನ್ನೂ ಒಪ್ಪಿದಂತಾಯಿತು. 210 ವರ್ಷ ತುಂಬಿದಾಗ ಅವನು ಹಳೆಯ ರಾಜರಂತೆಯೇ, ಇನ್ನು ಹೊರಡುತ್ತೇನೆ ಅಂದ. ಅವಳಿಗೆ ಬದುಕಿನ ದಣಿವು ಇನ್ನೂ ಬಂದಿರಲಿಲ್ಲ. ಸ್ವಲ್ಪ ದಿನ ಇರು ಎಂದು ಬೇಡಿಕೊಂಡಳು. ನೂಮೆನೋರಿನ ಜನರನ್ನು ದುಷ್ಟರು, ಮೂರ್ಖರು ಎಂದು ಇಷ್ಟು ಕಾಲ ಹಳಿದವಳು ಆವತ್ತು ಅವರಿಗಾಗಿ ಮರುಗಿದಳು. ಇದು ವರವೇ ಆಗಿದ್ದರೆ ಕಹಿಯಾದ ವರ ಅಂದಳು.

ಅವನು ಮಲಗಿದ. ಅವಳು ಮಕ್ಕಳಿಗೆ ಹೇಳಿ, ತಾನು ಹಿಂದೆ ಬಾಳಿದ ಕಾಡಿಗೆ ಒಬ್ಬಳೇ ಹೋದಳು. ಅಲ್ಲಿ ತನ್ನವರು ಯಾರೂ ಉಳಿದಿರಲಿಲ್ಲ. ಚಳಿಗಾಲ ಮುಗಿಯುತ್ತ ಬಂದಿತ್ತು, ಮರಗಳ ಎಲೆ ಉದುರುತ್ತಿದ್ದವು, ವಸಂತ ಇನ್ನೂ ಕಾಲಿಟ್ಟಿರಲಿಲ್ಲ. ಇಬ್ಬರೂ ಹಿಂದೊಮ್ಮೆ ಮಾತು ಕೊಟ್ಟು ತೆಗೆದುಕೊಂಡಿದ್ದ ಆ ಗುಡ್ಡದ ಮೇಲೆ ಅವಳು ಮಲಗಿದಳು.

ನಮಸ್ಕಾರ.