ಫೈಲುಗಳು ತಾವಾಗಿ ಸಾಲಿನಲ್ಲಿ ನಿಲ್ಲುವುದಿಲ್ಲ

ಕೇಳುಗರಿಗೆ ನಮಸ್ಕಾರ. ಸಿ ಭಾಷೆ ಕಲಿಯುತ್ತಿದ್ದೀರಿ, ಒಂದು ಡೈರೆಕ್ಟರಿಯೊಳಗೆ, ಅಂದರೆ ಫೋಲ್ಡರಿನೊಳಗೆ, ಏನೇನಿದೆ ಎಂದು ನಿಮ್ಮ ಪ್ರೋಗ್ರಾಮ್ ಪಟ್ಟಿ ಮಾಡಬೇಕು. ಅದಕ್ಕೆ ಮೂರು ಫಂಕ್ಷನ್ ಸಾಕು. ಓಪನ್‌ಡಿರ್ ತೆರೆಯುತ್ತದೆ. ರೀಡ್‌ಡಿರ್ ಕರೆದಾಗಲೆಲ್ಲ ಒಂದೊಂದು ಹೆಸರು ಕೊಡುತ್ತದೆ, ಮುಗಿದಾಗ ನಲ್, ಅಂದರೆ 'ಏನೂ ಇಲ್ಲ' ಎಂಬ ಗುರುತು, ಕೊಡುತ್ತದೆ. ಕ್ಲೋಸ್‌ಡಿರ್ ಮುಚ್ಚುತ್ತದೆ.

ನಾನು ಹೇಳಲು ಬಂದದ್ದು ಒಂದೇ ಮಾತು: ರೀಡ್‌ಡಿರ್ ಕೊಡುವ ಹೆಸರುಗಳಿಗೆ ನಂಬಬಹುದಾದ ಕ್ರಮವಿಲ್ಲ. ಅಕ್ಷರಕ್ರಮವೂ ಇಲ್ಲ, ದಿನಾಂಕದ ಕ್ರಮವೂ ಇಲ್ಲ. ಕ್ರಮ ಬೇಕಿದ್ದರೆ ನೀವೇ ಜೋಡಿಸಿಕೊಳ್ಳಬೇಕು.

"ಎಲ್‌ಎಸ್ ಅಂತ ಟೈಪ್ ಮಾಡಿದರೆ ಅಕ್ಷರಕ್ರಮದಲ್ಲೇ ಬರುತ್ತದಲ್ಲ ಸಾರ್?" ಎಂದು ಪ್ರತಿ ಸಲವೂ ಯಾರಾದರೂ ಕೇಳುತ್ತಾರೆ. ಬರುತ್ತದೆ, ಏಕೆಂದರೆ ಫೈಲುಗಳ ಪಟ್ಟಿ ತೋರಿಸುವ ಲಿನಕ್ಸ್ ಆಜ್ಞೆಯಾದ ಈ ಎಲ್‌ಎಸ್ ತಾನೇ ಜೋಡಿಸಿ ತೋರಿಸುತ್ತದೆ. ಎಲ್‌ಎಸ್ ಮೈನಸ್ ಸಣ್ಣಕ್ಷರದ ಎಫ್ ಎಂದು ಹೊಡೆಯಿರಿ, ಜೋಡಿಸದ ಪಟ್ಟಿ ಕಾಣುತ್ತದೆ.

ನನಗೇ ಆದದ್ದು ಹೇಳುತ್ತೇನೆ. ಒಂದು ಉಪಕರಣದ ಅಳತೆಗಳು 001ರಿಂದ 120ರವರೆಗಿನ ಫೈಲುಗಳಲ್ಲಿದ್ದವು. ಅವನ್ನು ಒಂದರ ಹಿಂದೊಂದು ಓದಿ ಒಂದೇ ಫೈಲ್ ಮಾಡುವ ಪ್ರೋಗ್ರಾಮ್ ಬರೆದೆ. ಪೆನ್‌ಡ್ರೈವ್‌ನಲ್ಲಿ ಓಡಿಸಿದಾಗ ಅಚ್ಚುಕಟ್ಟಾಗಿ ಬಂತು. ಅವೇ ಫೈಲುಗಳನ್ನು ಲಿನಕ್ಸ್ ಡಿಸ್ಕಿಗೆ ಹಾಕಿ ಓಡಿಸಿದೆ. ಗ್ರಾಫಿನ ಗೆರೆ ಮನಬಂದಂತೆ ಹಾರಿತು. ಎರಡು ದಿನ ಉಪಕರಣವನ್ನೇ ಅನುಮಾನಿಸಿದೆ, ಬಿಚ್ಚಿ ನೋಡಿದೆ, ಕೇಬಲ್ ಬದಲಿಸಿದೆ. ಮೂರನೆಯ ದಿನ ಹೆಸರುಗಳನ್ನು ಪರದೆಯ ಮೇಲೆ ಮುದ್ರಿಸಿ ನೋಡುತ್ತೇನೆ: 087 ಆದಮೇಲೆ 014, ಆಮೇಲೆ 103! ಪೆನ್‌ಡ್ರೈವ್‌ನ ಫ್ಯಾಟ್ ಎಂಬ ಫೈಲ್ ವ್ಯವಸ್ಥೆಯಲ್ಲಿ ಹೆಸರುಗಳು ಸೇರಿದ ಹಾಗೇ ಸಾಲಾಗಿ ಕೂತಿದ್ದವು. ಲಿನಕ್ಸಿನ ಫೈಲ್ ವ್ಯವಸ್ಥೆ ಇಎಕ್ಸ್‌ಟಿ4 ಪ್ರತಿ ಹೆಸರಿಗೂ ಹ್ಯಾಶ್ ಎಂಬ ಸಂಖ್ಯೆ ಲೆಕ್ಕಹಾಕಿ ಅದರ ಪ್ರಕಾರ ಕೊಡುತ್ತದೆ. ಎರಡೂ ಸರಿಯೇ. ಇಲ್ಲದ ಕ್ರಮವನ್ನು ನಂಬಿದ್ದು ನಾನು.

ಸಮಯ ಆಗುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ. ಪ್ರತಿ ಹೆಸರನ್ನೂ ಸ್ಟ್ರ್‌ಡಪ್ ಎಂಬ ಫಂಕ್ಷನ್ನಿನಿಂದ ನಕಲು ಮಾಡಿಡಿ. ಬರೀ ಪಾಯಿಂಟರ್, ಅಂದರೆ ಹೆಸರು ಇರುವ ವಿಳಾಸ, ಇಟ್ಟುಕೊಂಡರೆ ಮುಂದಿನ ರೀಡ್‌ಡಿರ್ ಅದೇ ಜಾಗದ ಮೇಲೆ ಬರೆದುಬಿಡಬಹುದು. ನಕಲುಗಳ ಅರೇಯನ್ನು ಜೋಡಿಸುವ ಫಂಕ್ಷನ್ ಕ್ಯೂಸಾರ್ಟ್‌ಗೆ ಕೊಡಿ. ಅದಕ್ಕೆ ನೀವು ಬರೆದುಕೊಡುವ ಹೋಲಿಸುವ ಫಂಕ್ಷನ್ನಿಗೆ ಬರುವುದು ಹೆಸರಲ್ಲ, ಹೆಸರಿನ ಪಾಯಿಂಟರ್ ಇರುವ ವಿಳಾಸ. ಅದನ್ನು ಒಂದು ಹಂತ ಬಿಡಿಸಿಯೇ, ಎರಡು ಹೆಸರು ಹೋಲಿಸುವ ಸ್ಟ್ರ್‌ಕಂಪ್‌ಗೆ ದಾಟಿಸಿ. ಇಷ್ಟೆಲ್ಲ ಒಂದೇ ಕರೆಯಲ್ಲಿ ಆಗಬೇಕಿದ್ದರೆ ಸ್ಕ್ಯಾನ್‌ಡಿರ್ ಇದೆ, ಅಕ್ಷರಕ್ರಮಕ್ಕೆ ಹೋಲಿಸುವ ಆಲ್ಫಾಸಾರ್ಟ್ ಜೊತೆ ಬಳಸಿ. ಯೂನಿಕ್ಸ್ ಮಾದರಿಯ ವ್ಯವಸ್ಥೆಗಳಿಗಾಗಿ ಇರುವ ಪಾಸಿಕ್ಸ್ ಮಾನಕದ 2008ರ ಆವೃತ್ತಿಯಲ್ಲಿ ಎರಡೂ ಇವೆ. ಅಕ್ಷರಕ್ರಮದಲ್ಲಿ 10 ಎಂಬುದು 2ಕ್ಕಿಂತ ಮೊದಲು ಬರುತ್ತದೆ, ಹಾಗಾಗಿ ಹೆಸರಿಡುವಾಗಲೇ ಸಂಖ್ಯೆಯ ಮೊದಲು ಸೊನ್ನೆ ಹಾಕಿ, 02 ಎಂಬಂತೆ.

ನಿಮ್ಮ ಹಳೆಯ ಪ್ರೋಗ್ರಾಮುಗಳಲ್ಲಿ ರೀಡ್‌ಡಿರ್ ಲೂಪ್ ಇದ್ದರೆ ಇವತ್ತೇ ತೆರೆದು ನೋಡಿ, ಅದರ ಕೆಳಗೆ ಕ್ಯೂಸಾರ್ಟ್ ಇದೆಯೇ ಎಂದು. ನಮಸ್ಕಾರ.