ಮಲಗಿದ ಸ್ಪೀಕರನ್ನು ಎಬ್ಬಿಸಿ ನಿಲ್ಲಿಸಿ

ಎಲ್ಲರಿಗೂ ನಮಸ್ಕಾರ. ಹೋಮ್ ಥಿಯೇಟರ್ ಸೆಟ್ಟಿನಲ್ಲಿ ಟಿವಿ ಕೆಳಗೆ ಅಡ್ಡಡ್ಡ ಮಲಗಿರುವ ಉದ್ದನೆಯ ಸ್ಪೀಕರ್ ಇರುತ್ತಲ್ಲ, ಅದೇ ಸೆಂಟರ್ ಸ್ಪೀಕರ್. ಅಂಥವು ಎರಡಿದ್ದರೆ ಹಾಡು ಕೇಳಲು ಎಡಕ್ಕೊಂದು ಬಲಕ್ಕೊಂದು ಇಡುವ ಪುಟ್ಟ ಬುಕ್‌ಶೆಲ್ಫ್ ಸ್ಪೀಕರ್ ಬದಲು ಇಟ್ಟುಕೊಳ್ಳಬಹುದಾ ಅಂತ ತುಂಬ ಜನ ಕೇಳುತ್ತಾರೆ. ಧಾರಾಳವಾಗಿ ಇಟ್ಟುಕೊಳ್ಳಿ. ಆದರೆ ನಿಲ್ಲಿಸಿ ಇಡಿ. ಇವತ್ತು ನಾನು ಹೇಳೋದು ಇಷ್ಟೇ.

ಮುಂದಿನ ಜಾಲರಿ ತೆಗೆದು ನೋಡಿ. ಆಚೆ ಈಚೆ ದಪ್ಪ ಸದ್ದಿಗೆ ಒಂದೊಂದು ವೂಫರ್, ನಡುವೆ ಕೀರಲು ಸದ್ದಿಗೆ ಪುಟ್ಟ ಟ್ವೀಟರ್. ಈ ಜೋಡಣೆಯ ಲೆಕ್ಕವನ್ನು 1983ರಲ್ಲಿ ಮುಂದಿಟ್ಟವರು ಅಮೆರಿಕದ ಜೋಸೆಫ್ ಡಿ'ಅಪೊಲಿಟೊ. ಅವರು ಜೋಡಿಸಿದ್ದು ಒಂದರ ಮೇಲೊಂದು, ನೆಟ್ಟಗೆ. ಆಮೇಲೆ ಮಲಗಿಸಿದ್ದು ಟಿವಿ ಸ್ಟ್ಯಾಂಡಿನಲ್ಲಿ ಜಾಗ ಇಲ್ಲ ಅಂತ. ಕಿವಿಗೆ ಒಳ್ಳೆಯದು ಅಂತ ಅಲ್ಲ.

ಮಲಗಿಸಿದರೆ ಏನಾಗುತ್ತೆ? ಎರಡೂ ವೂಫರ್ ಒಂದೇ ಸದ್ದು ಮಾಡುತ್ತವೆ. ನೇರ ಎದುರಿಗೆ ಕೂತರೆ ಎರಡೂ ಒಟ್ಟಿಗೆ ಬಂದು ಸೇರುತ್ತವೆ. ಪಕ್ಕಕ್ಕೆ ಸರಿದರೆ ಒಂದು ಹತ್ತಿರ, ಇನ್ನೊಂದು ದೂರ. ವೂಫರ್‌ಗಳ ನಡುವೆ 30 ಸೆಂಟಿಮೀಟರ್ ಇದೆ, ನೀವು 30 ಡಿಗ್ರಿ ಓರೆಗೆ ಕೂತಿದ್ದೀರಿ ಅನ್ನಿ. ಒಂದರ ಸದ್ದು 15 ಸೆಂಟಿಮೀಟರ್ ಹಿಂದೆ ಬೀಳುತ್ತೆ. 1,150 ಹರ್ಟ್ಸ್, ಅಂದರೆ ಸೆಕೆಂಡಿಗೆ 1,150 ಸಲ ಕಂಪಿಸುವ ಸದ್ದಿನ ಆಸುಪಾಸಿನಲ್ಲಿ ಒಂದರ ಅಲೆ ಏರುವಾಗ ಇನ್ನೊಂದರ ಅಲೆ ಇಳಿಯುತ್ತೆ. ಅಲ್ಲಿಗೆ ಎರಡೂ ಸೇರಿ ಸೊನ್ನೆ. ಹಾಡುವವರ ದನಿ ಇರೋದೂ ಅಲ್ಲೇ! ನಿಲ್ಲಿಸಿದರೆ ಈ ತಾಪತ್ರಯ ಮೇಲಕ್ಕೂ ಕೆಳಕ್ಕೂ ಹೋಗುತ್ತೆ. ನಾವ್ಯಾರೂ ಸೀಲಿಂಗಿಗೆ ಜೋತುಬಿದ್ದು ಹಾಡು ಕೇಳಲ್ಲ, ಅಲ್ವಾ?

ಮೈಸೂರಿನಲ್ಲಿ ನಮ್ಮ ಭಾವ ಇದ್ದಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಒಂದೇ ಮಾದರಿಯ ಎರಡು ಸೆಂಟರ್ ಸ್ಪೀಕರ್ ಅಗ್ಗಕ್ಕೆ ತಂದು, ಶೋಕೇಸಿನ ಮೇಲೆ ಮಲಗಿಸಿದ್ದರು. ಸೋಫಾದ ನಡುವೆ ಕೂತು ಅವರಿಗೆ ಪರಮಾನಂದ. ಕಿಟಕಿ ಪಕ್ಕದ ದಿವಾನಿನಲ್ಲಿ ಅವರ ತಾಯಿ. "ಹಾಡೋಳು ಬಾಯಿಗೆ ಸೆರಗು ಹಿಡ್ಕೊಂಡು ಹಾಡ್ತಾಳೇನೋ" ಅಂತ ಅವರ ದೂರು. "ನಿಂಗೆ ಕಿವಿ ಮಂದ ಕಣಮ್ಮಾ" ಅಂತ ಮಗ. ಕಿವಿ ಡಾಕ್ಟರ ಹತ್ತಿರ ಕರೆದೊಯ್ಯುವ ಮಾತೂ ನಡೆದಿತ್ತು. ನಾನು ಹೋದವನೇ ಎರಡನ್ನೂ ಎತ್ತಿ ನಿಲ್ಲಿಸಿದೆ. ಶೋಕೇಸಿನ ಅಂದ ಕೆಟ್ಟಿತು ಅಂದಳು ಅಕ್ಕ. ಕಂಪನಿ ಹೆಸರು ಅಡ್ಡ ತಿರುಗಿತು ಅಂದರು ಭಾವ. "ಭಾವ, ನೀವು ಹಾಡು ಕೇಳ್ತೀರೋ, ಹೆಸರು ಓದ್ತೀರೋ?" ಅಂದೆ. ಅಷ್ಟರಲ್ಲಿ ದಿವಾನಿನಿಂದ ಅತ್ತೆ, "ಸುಮ್ನಿರ್ರೋ, ಹಾಡು ಕೇಳ್ತಾ ಇದೆ" ಅಂತ ಗದರಿದರು. ಸುಮ್ನೆ ಡಾಕ್ಟರ ಫೀಸು ದಂಡ ಆಗ್ತಿತ್ತು.

ಓ, ಸಮಯ ಮುಗಿಯುತ್ತಾ ಬಂತು. ಬೇಗ ಹೇಳಿಬಿಡ್ತೀನಿ. ಎರಡೂ ಒಂದೇ ಮಾದರಿಯವು ಇರಲಿ. ಟ್ವೀಟರ್ ನಿಮ್ಮ ಕಿವಿಯ ಎತ್ತರಕ್ಕೆ ಬರಲಿ. ಹಿಂದೆ 4 ಓಮ್ ಅಂತ ಬರೆದಿದ್ದರೆ ಆಂಪ್ಲಿಫಯರ್ ಮೇಲೆ ಹೊರೆ ಜಾಸ್ತಿ, ನಿಮ್ಮದು ಅದನ್ನು ತಡೆಯುತ್ತಾ ನೋಡಿಕೊಳ್ಳಿ. ಮಲಗಿಸಿದಾಗ ಟ್ವೀಟರ್ ಕೆಳಗೇ ಇನ್ನೊಂದು ಪುಟ್ಟ ಸ್ಪೀಕರ್ ಇರುವ ಮಾದರಿಯಾದರೆ ಅದನ್ನು ಎಬ್ಬಿಸಬೇಡಿ, ಅದು ಮಲಗೋಕೇ ಹುಟ್ಟಿದ್ದು. ಉಳಿದವನ್ನೆಲ್ಲ ನಿಲ್ಲಿಸಿ. ಅಡಿಗೆ ರಬ್ಬರ್ ತುಂಡು ಕೊಡಿ, ಇಲ್ಲದಿದ್ದರೆ ಮನೆ ಮಕ್ಕಳು ಬೀಳಿಸಿಬಿಡ್ತಾರೆ. ನಮಸ್ಕಾರ.