ರೇಷ್ಮೆಗೆ ಬೆಳ್ಳಿ ಹತ್ತಿಸುವಾಗ ಮೊದಲು ನೀರು ನೋಡಿ

ರೇಷ್ಮೆ ಎಳೆಯ ಮೇಲೆ ಬ್ಯಾಕ್ಟೀರಿಯಾ ಕೊಲ್ಲುವ ಬೆಳ್ಳಿಯ ಅತಿಸಣ್ಣ ಕಣ, ಅಂದರೆ ನ್ಯಾನೋ ಕಣ, ಕೂರಿಸೋದು ನಮ್ಮ ಕೆಲಸ. ಟೇಬಲ್ ಮೇಲೆ ಎರಡು ಗಾಜಿನ ಲೋಟ ಇವೆ. ಎರಡಕ್ಕೂ ಒಂದೊಂದು ಹನಿ ಸಿಲ್ವರ್ ನೈಟ್ರೇಟ್ ದ್ರಾವಣ. ಎಡಗಡೆ ಡಿಸ್ಟಿಲ್ಡ್ ವಾಟರ್, ಹಾಗೇ ತಿಳಿಯಾಗಿದೆ. ಬಲಗಡೆ ಕಾರವಾರದ ಕಡಲಂಚಿನ ಬಾವಿ ನೀರು. ನೋಡಿ, ಅಕ್ಕಚ್ಚಿನ ಹಾಗೆ ಬೆಳ್ಳಗಾಯ್ತು. ಉಪ್ಪಿನ ಕ್ಲೋರೈಡ್ ಬೆಳ್ಳಿಯನ್ನು ಹಿಡಿದುಬಿಟ್ಟಿದೆ. ರೇಷ್ಮೆಗೆ ಹತ್ತಬೇಕಾದ್ದು ತಳ ಸೇರುತ್ತೆ. ಶಿರಸಿಯವರು ನಮ್ಮ ನೀರು ಸಿಹಿ ಅಂತ ಬೀಗಬೇಡಿ, ಕ್ಲೋರಿನ್ ಹಾಕಿದ ನಲ್ಲಿ ನೀರೂ ಇದೇ ಆಟ ಆಡುತ್ತೆ. ರೇಷ್ಮೆಯ ಕೊನೆಯ ತೊಳೆತದಿಂದ ಮುಂದಕ್ಕೆಲ್ಲ ಡಿಸ್ಟಿಲ್ಡ್ ವಾಟರೇ.

ಈಗ ಗೂಡು. ಹುಳ ತೆಗೆದು ಕತ್ತರಿಸಿದ ರೇಷ್ಮೆಗೂಡು 5 ಗ್ರಾಂ, ನೀರು 2 ಲೀಟರ್, ಸೋಡಿಯಂ ಕಾರ್ಬೊನೇಟ್ (ವಾಷಿಂಗ್ ಸೋಡಾ) 4.24 ಗ್ರಾಂ. ಅಡುಗೆ ಸೋಡಾ ಅಲ್ಲ, ಅದು ಬೇರೆ. ಕುದಿಯುವ ನೀರಲ್ಲಿ 30 ನಿಮಿಷ. ಸೆರಿಸಿನ್ ಅನ್ನೋ ಅಂಟು ಬಿಟ್ಟು ಫೈಬ್ರೊಯಿನ್ ಅನ್ನೋ ಎಳೆಯ ಪ್ರೋಟೀನ್ ಉಳಿಯುತ್ತೆ. ಇನ್ನೂ ಕುದಿಸಿದರೆ ಎಳೆ ಸೊರಗುತ್ತೆ. ಆಮೇಲೆ ಮೂರು ಸಲ, ಸಲಕ್ಕೆ 20 ನಿಮಿಷ ತೊಳೆಯಿರಿ. ಒಣಗಿದಾಗ ಹಿಂಜಿದ ಹತ್ತಿ ಥರ ಇರಬೇಕು, ತೂಕ ಸುಮಾರು ಕಾಲುಭಾಗ ಇಳಿದಿರಬೇಕು. ಮಳೆಗಾಲದಲ್ಲಿ ಈ ಲೆಕ್ಕ ತಪ್ಪುತ್ತೆ: ಕೈಗೆ ಒಣಗಿದಂತೆ ಕಂಡರೂ ರೇಷ್ಮೆ ಗಾಳಿಯ ತೇವ ಹೀರಿಕೊಂಡಿರುತ್ತೆ. ಓವನ್‌ನಲ್ಲಿ ಒಣಗಿಸಿ ತೆಗೆದು, ಮುಚ್ಚಿದ ಡಬ್ಬಿಯಲ್ಲಿ ತಣಿಸಿ ತಕ್ಷಣ ತೂಗಿ.

ಬೆಳ್ಳಿಯ ದ್ರಾವಣಕ್ಕೆ 100 ಮಿಲಿಲೀಟರ್ ನೀರಿಗೆ ಸಿಲ್ವರ್ ನೈಟ್ರೇಟ್ 17 ಮಿಲಿಗ್ರಾಂ ಸಾಕು, ಅಂದರೆ 1 ಮಿಲಿಮೋಲಾರ್. ಕೈಗವಸು ಹಾಕಿ, ಚರ್ಮಕ್ಕೆ ತಾಗಿದರೆ ಕಪ್ಪು ಕಲೆ ದಿನಗಟ್ಟಲೆ ಬಿಡಲ್ಲ. 1 ಗ್ರಾಂ ರೇಷ್ಮೆ ಮುಳುಗಿಸಿ ಬೆಳಕಿಗಿಡಿ. ಫೈಬ್ರೊಯಿನ್‌ನಲ್ಲಿರೋ ಟೈರೋಸಿನ್ ಅನ್ನೋ ಅಮೈನೋ ಆಮ್ಲ ಬೆಳ್ಳಿ ಅಯಾನಿಗೆ ಎಲೆಕ್ಟ್ರಾನ್ ಕೊಡುತ್ತೆ, ನ್ಯಾನೋ ಕಣ ಎಳೆಯ ಮೇಲೇ ಹುಟ್ಟುತ್ತೆ. ಬಿಳಿ ಎಳೆ ಹಳದಿಗೆ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತೆ. ಆಷಾಢದ ಬಿಸಿಲನ್ನು ನಂಬಿ ಕೂರಬೇಡಿ. ಒಂದೇ ದೀಪ, ಒಂದೇ ದೂರ ಇಟ್ಟುಕೊಳ್ಳಿ, ಇಲ್ಲದಿದ್ದರೆ ಒಂದು ತಂಡದ ಬಣ್ಣ ಇನ್ನೊಂದಕ್ಕೆ ಹೊಂದಲ್ಲ.

ಹಳದಿ ಕಂಡ ಕೂಡಲೇ ಖುಷಿಪಡಬೇಡಿ. ಸೋಡಾ ಸರಿಯಾಗಿ ತೊಳೆದಿರದಿದ್ದರೆ ಬೆಳ್ಳಿ ಕಾರ್ಬೊನೇಟ್ ಆಗುತ್ತೆ, ಅದೂ ಹಳದಿಯೇ. ಬೆಳಕು ಹಾಯದ, ಮಂಕಾದ ಪುಡಿ ತಳದಲ್ಲಿ ಕೂತಿದ್ದರೆ ಅನುಮಾನಪಡಿ. ನ್ಯಾನೋ ಕಣಗಳಿರುವ ದ್ರಾವಣ ತಿಳಿಯಾಗೇ ಇರುತ್ತೆ. ಯಾವ ಬಣ್ಣದ ಬೆಳಕು ಎಷ್ಟು ಹೀರಲ್ಪಡುತ್ತೆ ಅಂತ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ಸುಮಾರು 400ರಿಂದ 420 ನ್ಯಾನೋಮೀಟರ್‌ಗೆ ಗುಡ್ಡ ಎದ್ದಿರುತ್ತೆ.

ಬ್ಯಾಕ್ಟೀರಿಯಾ ಪರೀಕ್ಷೆ ಮನೆಯಲ್ಲಿ ಬೇಡ, ಸೂಕ್ಷ್ಮಜೀವಿ ಲ್ಯಾಬ್‌ನಲ್ಲೇ. ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯ ಎರಡು ಆಗರ್ ತಟ್ಟೆಗಳಲ್ಲಿ ಒಂದರಲ್ಲಿ ಇ. ಕೋಲಿ, ಇನ್ನೊಂದರಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಹಚ್ಚಿ, ಪ್ರತಿ ತಟ್ಟೆಗೂ ಬೆಳ್ಳಿ ಹತ್ತಿದ ಚೂರಿನ ಜೊತೆ ಹೋಲಿಕೆಗೆ ಬೆಳ್ಳಿ ಇಲ್ಲದ ರೇಷ್ಮೆಯ ಚೂರನ್ನೂ ಇಟ್ಟು 37 ಡಿಗ್ರಿಯಲ್ಲಿ ಒಂದು ರಾತ್ರಿ ಬಿಡಿ. ಅದಕ್ಕೂ ಮುಂಚೆ ಎಳೆಯನ್ನು ಚೆನ್ನಾಗಿ ಜಾಲಾಡಿಸಿ. ಅಂಟಿಕೊಂಡ ಕಣ ಬಿಟ್ಟು, ಒದ್ದೆಯಲ್ಲೇ ಉಳಿದ ಅಯಾನುಗಳೇ ಕ್ರಿಮಿ ಕೊಂದರೆ, ಚೂರಿನ ಸುತ್ತ ಕ್ರಿಮಿ ಬೆಳೆಯದೆ ಉಳಿದ ಆ ಖಾಲಿ ವಲಯ ನಿಮ್ಮನ್ನೇ ಮೋಸ ಮಾಡಿದ ಹಾಗೆ. ಇಂಥ ಚೂರನ್ನು ಗಾಯಕ್ಕೆ ಎಂದೂ ಕಟ್ಟಬೇಡಿ.

ಉಳಿದ ದ್ರಾವಣವನ್ನು ಚರಂಡಿಗೆ ಸುರಿಯಬೇಡಿ. ಅದಕ್ಕೆ ಒಂದು ಚಮಚ ಉಪ್ಪು ಹಾಕಿ; ಮೊದಲು ಬಾವಿ ನೀರಿನ ಲೋಟದಲ್ಲಿ ಕಂಡ ಆ ಬಿಳಿ ಮಡ್ಡಿಯೇ ಈಗ ಬೇಕಾದ್ದು. ತಳಕ್ಕಿಳಿದಮೇಲೆ ಸೋಸಿ, ಹೆಸರು ಬರೆದ ಬಾಟಲಿಯಲ್ಲಿಟ್ಟುಬಿಡಿ.